ಏಣಿ ಇಲ್ಲದ ಸೈನ್ಯ

ನಮ್ಮನೆ ಅಟ್ಟದ ಮೇಲೆ ಒಂದು ಬೂಟಿನ ಡಬ್ಬಿ ಇದೆ. ಅದರೊಳಗೆ 64 ಮಂದಿ ಸೈನಿಕರು. ಒಬ್ಬೊಬ್ಬರ ಎತ್ತರ 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಇವರಲ್ಲಿ ಮೈತುಂಬ ಬಣ್ಣ ಕಂಡವರು 14 ಮಂದಿ. ಉಳಿದ 50 ಮಂದಿಯಲ್ಲಿ ಕೆಲವರಿಗೆ ಕೈ ಅಂಟಿಸಿಲ್ಲ, ಕೆಲವರ ಕಾಲ ಕೆಳಗೆ ನೆಲ ಇಲ್ಲ, ಒಬ್ಬನಿಗಂತೂ ತಲೆಯೇ ಬೇರೆ ಪ್ಲಾಸ್ಟಿಕ್ ಚೀಟಿನೊಳಗೆ ಇದೆ. ಮೂರು ವರ್ಷದಿಂದ ಹಾಗೇ ಇದ್ದಾರೆ. ಪಾಪ, ಒಬ್ಬರೂ ತಕರಾರು ಮಾಡಿಲ್ಲ.

ತಕರಾರು ಮಾಡಿದವನು ನನ್ನ ಶಿರಹಟ್ಟಿ ದೋಸ್ತ. ಜೂನ್ ಕೊನೆಗೆ ಅವನ ಮೆಸೇಜು ಬಂತು: "ಜುಲೈ 26ಕ್ಕ ಬರ್ತೀನಿ. ಈ ಸಲರ ಏಣಿ ಅದಾವೇನ್ಲೇ?"

ಓದಿ ನಕ್ಕೆ. ಆಮೇಲೆ ಫೋನು ಬೋರಲು ಹಾಕಿ ಇಟ್ಟೆ. ಏಣಿ ಇರಲಿಲ್ಲ.

ಹೋದ ವರ್ಷವೂ ಅವನು ಬಂದಿದ್ದ. ಪುಣೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಎರಡು ದಿನ ರಜೆ ಹಾಕಿ, ಬೆಟಗೇರಿಯ ನಮ್ಮನೆಗೆ. "ಎಲ್ಲಾ ರೆಡಿ ಐತಿ, ನೀ ಬಾ ಅಷ್ಟ" ಅಂತ ನಾನು ಹೇಳಿದ್ದೆ. ಬಂದು ನೋಡಿದರೆ ಥರ್ಮಾಕೋಲಿನ ಕೋಟೆ ಇತ್ತು, ಸೈನಿಕರು ಇದ್ದರು, ಗೋಡೆ ಹತ್ತಲು ಒಂದೇ ಒಂದು ಏಣಿ ಇರಲಿಲ್ಲ. "ಇವ್ರೇನು ಹಲ್ಲಿ ಏನಲೇ, ಗ್ವಾಡಿ ಹಿಡ್ಕೊಂಡು ಹತ್ತಾಕ?" ಅಂದ. ಇಬ್ಬರೂ ನಕ್ಕೆವು. ಗಿರ್ಮಿಟ್ಟು ತಿಂದೆವು, ಕ್ರಿಕೆಟ್ ಮಾತಾಡಿದೆವು, ಸಂಜೆ ಬಸ್ಸಿಗೆ ಅವನು ಹೋದ. ಆಟ ಆಗಲಿಲ್ಲ ಅನ್ನೋದನ್ನ ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಈ ಸಲ ಮಾತು ಬೇರೆ. ಸೆಪ್ಟೆಂಬರಿಗೆ ಅವನು ಜರ್ಮನಿಗೆ ಹೊರಟಿದ್ದಾನೆ. ಮುಂದಿನ ಜುಲೈ ಅನ್ನೋದು ನಮ್ಮ ಕೈಯಾಗಿಲ್ಲ.

*

ಇದೇನು ಹುಚ್ಚು ಅಂತ ಕೇಳುವವರಿಗೆ ನಾಲ್ಕು ಮಾತು. ಮೇಜಿನ ಮೇಲೆ ಪುಟ್ಟ ಸೈನ್ಯ ಇಟ್ಟು, ಟೇಪಿನಿಂದ ದೂರ ಅಳೆದು, ದಾಳ ಉರುಳಿಸಿ ಆಡುವ ಯುದ್ಧದಾಟ ಇದು. ಪ್ರಷ್ಯಾದ ಸೈನ್ಯ 1824ರಲ್ಲಿ ತನ್ನ ಅಧಿಕಾರಿಗಳ ತರಬೇತಿಗೆ ಇಂಥದ್ದೊಂದು ಆಟವನ್ನು ಒಪ್ಪಿಕೊಂಡಿತು. 'ಟೈಮ್ ಮಷೀನ್' ಬರೆದ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಅಂತ ಪುಸ್ತಕ ಬರೆದು, ಮನೆಯೊಳಗೆ ಆಟಿಕೆ ಸೈನಿಕರನ್ನಿಟ್ಟು ಆಡುವ ನಿಯಮ ಹಾಕಿಕೊಟ್ಟ. ಇವತ್ತು ಜಗತ್ತಿನ ತುಂಬ ಹೆಸರಾದ ವಾರ್‌ಹ್ಯಾಮರ್ ಶುರುವಾಗಿದ್ದು 1983ರಲ್ಲಿ. ನಮಗೆ ಇದು ಪೂರ್ತಿ ಪರದೇಶದ್ದು ಅನ್ನೋ ಹಾಗೂ ಇಲ್ಲ. ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಚದುರಂಗಕ್ಕೆ ಒಂದು ಭಾಗವೇ ಇದೆ. ಆನೆ, ಕುದುರೆ, ಕಾಲಾಳು ಎಲ್ಲ ಬೆರಳ ತುದಿಯಲ್ಲಿ.

ನಾವಿಬ್ಬರೂ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಈ ಹುಚ್ಚಿಗೆ ಬಿದ್ದವರು. ಈ ಆಟದ ಜಗತ್ತಿನಲ್ಲಿ ಎಲ್ಲರಿಗೂ ಪ್ರೀತಿಯ ಯುದ್ಧ ಅಂದರೆ ವಾಟರ್ಲೂ, 1815ರ ಜೂನ್ 18. ನೆಪೋಲಿಯನ್ ಒಂದು ಕಡೆ, ವೆಲಿಂಗ್ಟನ್ ಇನ್ನೊಂದು ಕಡೆ. ಒಂದು ರಾತ್ರಿ ದೋಸ್ತ ನಿದ್ದೆಗಣ್ಣಿನಲ್ಲಿದ್ದ ನನ್ನನ್ನು ಎಬ್ಬಿಸಿದ. "ಲೇ, ಈ ವೆಲಿಂಗ್ಟನ್ ನಮ್ಮ ಡಂಬಳಕ್ಕ ಬಂದಿದ್ನಂತ!"

ನಿಜ. ಆಗ ಅವನಿನ್ನೂ ವೆಲಿಂಗ್ಟನ್ ಆಗಿರಲಿಲ್ಲ. ಆರ್ಥರ್ ವೆಲ್ಲೆಸ್ಲಿ ಅನ್ನೋ 31 ವರ್ಷದ ಕರ್ನಲ್. ಅವನು ಬೆನ್ನು ಹತ್ತಿದ್ದು ಧೋಂಡಿಯಾ ವಾಘ್‌ನನ್ನು. ಚನ್ನಗಿರಿಯಲ್ಲಿ ಹುಟ್ಟಿ, ಮೈಸೂರಿನ ಸೈನ್ಯದಲ್ಲಿದ್ದು, ಆಮೇಲೆ ಟಿಪ್ಪುವಿನ ಸೆರೆಯಲ್ಲಿದ್ದ ಧೋಂಡಿಯಾ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಗದ್ದಲದೊಳಗೆ ಹೊರಬಂದು ತನ್ನದೇ ಸೈನ್ಯ ಕಟ್ಟಿದ. 'ಉಭಯ ಲೋಕಾಧೀಶ್ವರ' ಅಂತ ಬಿರುದು ಇಟ್ಟುಕೊಂಡ. ಈ ಲೋಕ ಒಂದೇ ಸಾಲದು ಅಂದವನು! 1800ರ ಜುಲೈ 26ರಂದು ವೆಲ್ಲೆಸ್ಲಿಯ ಪಡೆ ಧೋಂಡಿಯಾನ ಕಾವಲಿದ್ದ ಡಂಬಳದ ಕೋಟೆಗೆ ಏಣಿ ಹಚ್ಚಿ ಹತ್ತಿ ಒಳಗಿಳಿಯಿತು. ನಾಲ್ಕು ದಿನದ ಮೇಲೆ ಮಲಪ್ರಭೆಯ ದಂಡೆ ಮುನವಳ್ಳಿಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದಿತು. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾ ಮಡಿದ.

ಗದಗಿನಿಂದ ಡಂಬಳ ಬೈಕಿನಲ್ಲಿ ಅರ್ಧ ತಾಸಿನ ಹಾದಿ. ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿ, ದೊಡ್ಡ ಕೆರೆ ನೋಡಾಕ ಹೋಗೋ ಊರು. ಅಲ್ಲಿ ವಾಟರ್ಲೂದ ಮನುಷ್ಯ ಏಣಿ ಹಚ್ಚಿಸಿದ್ದ ಅಂದಮೇಲೆ ನಮ್ಮ ಆಟಕ್ಕೆ ಬೇರೆ ಯುದ್ಧ ಯಾಕ ಬೇಕು? ಅವತ್ತೇ ಠರಾವು ಆಯಿತು: ಒಂದು ಜುಲೈ 26ಕ್ಕೆ ಡಂಬಳ ಆಡೋದು. ಆರು ವರ್ಷ ಆಯಿತು ಆ ಠರಾವಿಗೆ.

*

ಆರು ವರ್ಷ ಯಾಕೆ ಹಿಡಿಯಿತು? ದೊಡ್ಡ ಕೆಲಸಗಳೆಲ್ಲ ಆಗಿಬಿಟ್ಟಿದ್ದವು. ದುಡ್ಡು ಕೂಡಿಸಿ ಸೈನಿಕರನ್ನು ತರಿಸಿದ್ದು, ಆಟದ ನಿಯಮ ಬರೆದದ್ದು, ಕೋಟೆಯ ನಕ್ಷೆ ಹಾಕಿದ್ದು. ಉಳಿದದ್ದೆಲ್ಲ ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದ ಕೆಲಸ ಅಂದರೆ ಏನು ಅಂತ ಹೇಳತೀನಿ ಕೇಳ್ರಿ. ಪುಟ್ಟ ಸೈನಿಕ ಎರಡು ಅಚ್ಚಿನ ನಡುವೆ ಹುಟ್ಟುತ್ತಾನೆ. ಆ ಎರಡು ಅಚ್ಚು ಕೂಡುವಲ್ಲಿ ಮೈಮೇಲೆ ಒಂದು ಸಣ್ಣ ಗೆರೆ ಉಳಿಯುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆಯಬೇಕು. ಕೆರೆಯದೆ ಬಣ್ಣ ಹಚ್ಚಿದರೆ ಗೆರೆ ಎದ್ದು ಕಾಣುತ್ತದೆ, ಹೊಲಿಗೆ ಹೊರಗೆ ಬಂದ ಅಂಗಿಯ ಹಾಗೆ. ಅಚ್ಚಿಗೆ ಅಂಟಬಾರದು ಅಂತ ಹಚ್ಚಿದ ಜಿಡ್ಡು ಮೈಮೇಲೆ ಇರಬಹುದು. ಸಾಬೂನು ನೀರಿನಲ್ಲಿ ತೊಳೆಯಬೇಕು. ಕೈ, ಬಂದೂಕು, ತಲೆ ಅಂಟಿಸಬೇಕು. ಕಾಲ ಕೆಳಗೆ ನೆಲ ಕೊಡಬೇಕು. ನೆಲದ ಮೇಲೆ ಮಣ್ಣು ಹಾಕಬೇಕು. ಬಣ್ಣ ಹಿಡಿಯಲಿ ಅಂತ ಮೊದಲು ಪ್ರೈಮರ್ ಬಳಿಯಬೇಕು. ಇಷ್ಟೆಲ್ಲ ಆದಮೇಲೆ ಬಣ್ಣದ ಮೋಜು. ಮೋಜಿಗಿಂತ ಮೊದಲಿನದೆಲ್ಲ ಹತ್ತು ಹತ್ತು ನಿಮಿಷ. 50 ಮಂದಿಗೆ ಗುಣಿಸಿ ನೋಡ್ರಿ.

ಸಣ್ಣ ಕೆಲಸ ಉಳಿಯೋದು ಅದು ಕಷ್ಟ ಅಂತ ಅಲ್ಲ. ಯಾವಾಗ ಬೇಕಾದರೂ ಮಾಡಬಹುದು ಅಂತ. ನಿಮ್ಮ ಫೋನಿನಲ್ಲೂ ಅಂಥ ಒಂದು ಪಟ್ಟಿ ಇರಬೇಕು. ಪಿಎಫ್‌ಗೆ ನಾಮಿನಿ ಹೆಸರು ಹಾಕೋದು, ಬ್ಯಾಂಕಿನ ಕೆವೈಸಿ, ಚಷ್ಮಾದ ಸಡಿಲಾದ ಸ್ಕ್ರೂ, ಅಜ್ಜಿಗೆ ಒಂದು ಫೋನು. ಯಾವುದಕ್ಕೂ ರಜೆ ಹಾಕಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಅದಕ್ಕೇ ಯಾವುದೂ ಆಗೋದಿಲ್ಲ.

ವೆಲ್ಲೆಸ್ಲಿಯ ಪತ್ರಗಳ ಕಡೆ ನಾನು ಹೋದದ್ದು ಡಂಬಳದ ಏಣಿ ಹುಡುಕಿಕೊಂಡು. ಸಿಕ್ಕಿದ್ದು ಬರೇ ಎತ್ತು ಮತ್ತು ಅಕ್ಕಿ. ಎತ್ತು ಎಷ್ಟು ಬಂದವು, ಎಷ್ಟು ಸತ್ತವು, ಅಕ್ಕಿ ಎಲ್ಲಿ ತಡೆಯಿತು, ಮಳೆಗಾಲದಲ್ಲಿ ತುಂಬಿದ ತುಂಗಭದ್ರೆಯನ್ನು ದಾಟಲು ಹರಗೋಲು ಹೇಗೆ ಕೂಡಿಸೋದು. ಈ ಸಪ್ಪೆ ಲೆಕ್ಕದಲ್ಲೇ ಆ ಮನುಷ್ಯ ಮುಳುಗಿದ್ದ. ಕೋಟೆ ಹತ್ತಿದ್ದು ಒಂದು ದಿನದ ಕೆಲಸ. ಆ ದಿನಕ್ಕೆ ಏಣಿ ಹೊತ್ತು ತಂದ ಎತ್ತಿನ ಮೇವಿನ ಲೆಕ್ಕ ತಿಂಗಳುಗಟ್ಟಲೆ. ನಾನು ಆರು ವರ್ಷ ಕೋಟೆ ಹತ್ತುವ ದಿನದ ಕನಸು ಕಂಡೆ, ಮೇವಿನ ಲೆಕ್ಕ ಇಡಲಿಲ್ಲ.

*

ಒಂದು ಭಾನುವಾರ ಡಬ್ಬಿ ಕೆಳಗಿಳಿಸಿದೆ. ಒಬ್ಬ ಸೈನಿಕನನ್ನು ತಗೊಂಡು ಕೆರೆದು, ತೊಳೆದು, ಒರೆಸಿ, ಅಂಟಿಸಿ, ಮುಗಿಸಿದೆ. ಒಂದು ತಾಸು ಹೋಯಿತು. ಇನ್ನೊಬ್ಬನನ್ನು ಎತ್ತಿಕೊಂಡೆ.

ಬಾಗಿಲಲ್ಲಿ ಅಪ್ಪ ನಿಂತಿದ್ದ.

ಅಪ್ಪ ಆ ಕೋಣೆಗೆ ಬರುವುದು ಕಡಿಮೆ. ಅದಕ್ಕೆ ಕಾರಣ ಇದೆ. ಮೊದಲು ಅದು ಮಗ್ಗದ ಕೋಣೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಅಪ್ಪ ಅಲ್ಲಿ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದಿದ್ದಾನೆ. ಬೆಟಗೇರಿಯ ಓಣಿಗಳಲ್ಲಿ ಬೆಳೆದವರಿಗೆ ಆ ಸಪ್ಪಳ ಗೊತ್ತು, ಅದು ಇದ್ದಾಗ ಕೇಳೋದಿಲ್ಲ, ನಿಂತಾಗ ಕೇಳುತ್ತದೆ. ಮೊಣಕಾಲು ಮತ್ತು ಕಣ್ಣು ಎರಡೂ ಒಟ್ಟಿಗೆ ಕೈಕೊಟ್ಟವು, ಕೂಲಿಯೂ ಗಿಟ್ಟದಂಗ ಆಯಿತು, ನಾಲ್ಕು ವರ್ಷದ ಹಿಂದೆ ಮಗ್ಗ ಬಿಚ್ಚಿದೆವು. ನನಗೆ ಆಗ ಮನೆಯಿಂದಲೇ ಕೆಲಸ ಶುರುವಾಗಿತ್ತು. ಕುಣಿ ಮುಚ್ಚಿಸಿ ಟೈಲ್ಸ್ ಹಾಕಿಸಿದವನು ನಾನೇ. ನನ್ನ ಲ್ಯಾಪ್‌ಟಾಪಿನ ಮೇಜು ಈಗ ಸರಿಯಾಗಿ ಆ ಕುಣಿಯ ಮೇಲೆ ನಿಂತಿದೆ. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂಡುತ್ತಾನೆ, ಊಟಕ್ಕೆ ಒಳಗೆ ಬರುತ್ತಾನೆ.

"ಏನ್ ಮಾಡಾಕತ್ತಿ?"

ಹೇಳಿದೆ. 50 ಮಂದಿ ಇದ್ದಾರೆ, 26ಕ್ಕೆ ಮುಗಿಯಬೇಕು ಅಂದೆ.

ಅಪ್ಪ ಸ್ವಲ್ಪ ಹೊತ್ತು ನೋಡಿದ. "ಒಂದ ಕಂಡಿಕಿ ಸುತ್ತಿ, ಅಷ್ಟ ನೇಯ್ದು, ಮತ್ತ ಎದ್ದು ಇನ್ನೊಂದು ಕಂಡಿಕಿ ಸುತ್ತತಾರೇನಲೇ ಯಾರರ? ಹಂಗಾದ್ರ ಸೀರಿ ಯಾವಾಗ ಮುಗೀಬೇಕು?"

ಲಾಳಿಯೊಳಗೆ ಕೂಡುವ ನೂಲಿನ ಸುರುಳಿಯೇ ಕಂಡಿಕೆ. ನಮ್ಮನೆಯಲ್ಲಿ ಅದನ್ನು ಅವ್ವ ರಾಟಿ ತಿರುವಿ ಸುತ್ತುತ್ತಿದ್ದಳು, ಒಂದು ಬುಟ್ಟಿ ತುಂಬೋ ತನಕ. ಬುಟ್ಟಿ ತುಂಬಿದ ಮೇಲೆ ಅಪ್ಪ ಮಗ್ಗಕ್ಕೆ ಇಳಿಯೋದು. ಒಂದು ಹಾಸು ಮುಗಿದು ಇನ್ನೊಂದು ಹಾಸು ಹಚ್ಚುವಾಗ ಹಳೇ ಎಳೆಯ ತುದಿಗೆ ಹೊಸ ಎಳೆ ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆಯೋದು. ಒಂದು ಸೀರೆಯ ಅಗಲಕ್ಕೆ ಅಂಥ ಎಳೆಗಳು ಸಾವಿರಗಟ್ಟಲೆ. ಜನ ನೋಡೋದು ಲಾಳಿ ಓಡೋದನ್ನ. ನೇಕಾರನ ಮನೆಯವರಿಗೆ ಗೊತ್ತು, ಅದು ಕೊನೆಯ ಕೆಲಸ. ಮನೆ ಮಂದಿಯೆಲ್ಲ ಕೂತು ಮಾಡೋದು ಅದಕ್ಕೂ ಮೊದಲಿನದು.

ಇಷ್ಟು ಗೊತ್ತಿದ್ದ ಮನೆಯಲ್ಲಿ ಹುಟ್ಟಿ ನಾನು ಒಬ್ಬೊಬ್ಬ ಸೈನಿಕನನ್ನು ಬೇರೆ ಬೇರೆ ಮುಗಿಸಲು ಹೊರಟಿದ್ದೆ.

*

ಅಪ್ಪನ ಮಾತಿನ ಪ್ರಕಾರ ನಾಲ್ಕು ವಾರಕ್ಕೆ ನಾಲ್ಕು ಕೆಲಸ ಹಂಚಿದೆ. ಒಂದು ವಾರ ಒಂದೇ ಕೆಲಸ, ಎಲ್ಲರಿಗೂ. ದಿನಕ್ಕೆ ಅರ್ಧ ತಾಸು, ಆಫೀಸಿನ ಮೊದಲ ಕಾಲ್ ಶುರುವಾಗುವ ಮುಂಚೆ. ಇದೇ ಹುಚ್ಚು ಇರುವವರಿಗೆ ಉಪಯೋಗ ಆದೀತು ಅಂತ ಬಿಡಿಸಿ ಬರೆಯುತ್ತೇನೆ. ಹುಚ್ಚು ಇಲ್ಲದವರು ಚಾಕುವಿನ ಜಾಗದಲ್ಲಿ ತಮ್ಮ ಪಟ್ಟಿ ಇಟ್ಟುಕೊಂಡು ಓದಬಹುದು.

ಮೊದಲ ವಾರ ಕೆರೆಯೋದು. ಬೆಳಕು ಮೇಲಿನಿಂದ ಬೇಡ, ಅಡ್ಡ ಬರಬೇಕು. ಆಗ ಗೆರೆಗೆ ನೆರಳು ಬೀಳುತ್ತದೆ. ಚಾಕುವಿನ ಅಲಗು ಅಲ್ಲ, ಬೆನ್ನು, ಕೊಯ್ಯಬಾರದು, ಸವರಬೇಕು. ಮೂರನೇ ದಿನ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ನಾನು ಮುಗಿಸಿಟ್ಟ ಒಬ್ಬನನ್ನು ಎತ್ತಿ, ನೋಡಲಿಲ್ಲ, ಹೆಬ್ಬೆರಳಿನ ಉಗುರು ಆಡಿಸಿದ. "ಇಲ್ಲೈತಿ" ಅಂತ ವಾಪಸು ಕೊಟ್ಟ. ತೊಡೆಯ ಹಿಂದೆ ಕೂದಲೆಳೆಯಷ್ಟು ಗೆರೆ. ನನ್ನ ಕನ್ನಡಕಕ್ಕೂ ಕಂಡಿರಲಿಲ್ಲ. "ಗಂಟು ಕಣ್ಣಿಗಿಂತ ಮೊದಲ ಬೆರಳಿಗೆ ಸಿಗತೈತಿ" ಅಂದ. ಅವತ್ತಿನಿಂದ ಅಪ್ಪ ತಡವೋದು, ನಾನು ಕೆರೆಯೋದು. ಆರು ದಿನಕ್ಕೆ 49 ಮಂದಿ ಮುಗಿದರು. ತಲೆ ಬೇರೆ ಇದ್ದವನ ಚೀಟು ಸಿಗಲಿಲ್ಲ.

ಎರಡನೇ ವಾರ ತೊಳೆಯೋದು, ಅಂಟಿಸೋದು. ಬೆಚ್ಚನೆ ನೀರು, ಪಾತ್ರೆ ತೊಳೆಯುವ ಸಾಬೂನು, ಹಳೇ ಹಲ್ಲುಜ್ಜುವ ಬ್ರಷ್ಷು. ಕೈಕಾಲು ಮೋರಿಯೊಳಗೆ ಹೋಗದಂತೆ ಚಹಾ ಸೋಸುವ ಜಾಲರಿ ಇಟ್ಟುಕೊಂಡೆ. ಅವ್ವನಿಗೆ ಗೊತ್ತಾಗಿ, "ನಾಳಿಂದ ಆ ಸಿಪಾಯಿಗಳ ಕಡೆನ ಚಾ ಇಸ್ಕೊಂಡು ಕುಡಿ" ಅಂದಳು. ಹೊಸ ಜಾಲರಿ ತಂದುಕೊಟ್ಟೆ. ಒಂದು ಮಾತು: ಫೆವಿಕ್ವಿಕ್‌ನಂಥ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗೋದು. ಹಾಗಾಗಿ ಆಷಾಢದ ಜಿಟಿಜಿಟಿ ಇದಕ್ಕೆ ಒಳ್ಳೆಯ ಕಾಲ. ಹನಿ ಸಣ್ಣದಿದ್ದಷ್ಟೂ ಹಿಡಿತ ಗಟ್ಟಿ. ಹೆಚ್ಚು ಸುರಿದರೆ ಸೈನಿಕನ ಬದಲು ನಿಮ್ಮ ಬೆರಳು ಅಂಟುತ್ತದೆ.

ಮೂರನೇ ವಾರ ನೆಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗಲ ವಾಷರ್ ಸಾಕು. ಭಾರ ಇರುವುದರಿಂದ ಸೈನಿಕ ಬೀಳೋದಿಲ್ಲ. ಮೇಲೆ ಹಾಕಲು ಮಣ್ಣು ಬೇಕು. ಹೊರದೇಶದವರು ಇದಕ್ಕೂ ಡಬ್ಬಿಗಟ್ಟಲೆ ದುಡ್ಡು ಕೊಡುತ್ತಾರೆ. ನಾನು ಭಾನುವಾರ ಬೈಕು ಹತ್ತಿ ಡಂಬಳಕ್ಕೇ ಹೋದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಕೆರೆಯ ಕಡೆಯಿಂದ ಒಂದು ಮುಷ್ಟಿ ಮಣ್ಣು ಚೀಲದಲ್ಲಿ ತಂದೆ. ಜರಡಿ ಹಿಡಿದು, ಹಳೇ ಹಂಚಿನ ಮೇಲೆ ಹುರಿದೆ. ತೇವ, ಹುಳ ಉಳಿಯಬಾರದು. ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ವಾಷರಿಗೆ ಬಳಿದು, ಮಣ್ಣಿನಲ್ಲಿ ಅದ್ದಿ ತೆಗೆದರೆ ನೆಲ ಸಿದ್ಧ. 225 ವರ್ಷದ ಹಿಂದೆ ಏಣಿ ಊರಿದ ಊರಿನ ಮಣ್ಣು ಈಗ ನನ್ನ ಸೈನಿಕರ ಕಾಲ ಕೆಳಗೆ.

ಅದೇ ವಾರ ಅವ್ವ ಆಷಾಢದ ಮಂಗಳವಾರದ ಗುಳ್ಳವ್ವನನ್ನು ಮಾಡುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢಕ್ಕೆ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು. ಬೆರಳೆತ್ತರದ ಮಂದಿಯನ್ನು ಮಾಡಿ ಸಾಲಾಗಿ ಕೂಡಿಸೋದು ನಮ್ಮ ಅವ್ವಂದಿರಿಗೆ ಹೊಸದಲ್ಲ ನೋಡ್ರಿ. ಗುಳ್ಳವ್ವನ ಮೈಗೆ ಗುಲಗಂಜಿ ಒತ್ತುತ್ತಾ, "ನಾನೂ ಬೇಸ್ ಮಾಡಾಕತ್ತೀನಿ" ಅಂದಳು. ಉಳಿದ ಮಣ್ಣು ನನಗೆ ಕೊಟ್ಟಳು. ಥರ್ಮಾಕೋಲಿನ ಕೋಟೆಗೆ ಅದನ್ನೇ ತೆಳ್ಳಗೆ ಮೆತ್ತಿದೆ. ಒಣಗಿದಾಗ ಬಿರುಕು ಬಿಟ್ಟಿತು. ಮುಚ್ಚೋಣ ಅಂತ ಹೋದವನು ಬಿಟ್ಟೆ. ಹಳೇ ಕೋಟೆ ಇರೋದೇ ಹಾಗೆ.

ನಾಲ್ಕನೇ ವಾರ ಪ್ರೈಮರ್. ಅಂಟಿಗೆ ಒಳ್ಳೆಯದಾದ ತೇವ ಸ್ಪ್ರೇಗೆ ವೈರಿ. ಮಳೆಗಾಳಿಯಲ್ಲಿ ಹೊಡೆದರೆ ಮೈಮೇಲೆ ಉಪ್ಪು ಚೆಲ್ಲಿದಂಗ ತರಿತರಿ ಆಗುತ್ತದೆ. ನಮ್ಮೂರಲ್ಲಿ ಜುಲೈದಾಗ ಗಾಳಿ ಬೇರೆ. ಸ್ಪ್ರೇ ಸೈನಿಕನಿಗಿಂತ ಪಕ್ಕದ ಮನೆಯವರ ಧೋತರಕ್ಕೆ ಹೆಚ್ಚು ಬಿದ್ದೀತು. ಹಾಗಾಗಿ ಬ್ರಷ್ಷಿನಿಂದ ಬಳಿಯುವ ಪ್ರೈಮರೇ ವಾಸಿ. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ದಪ್ಪಗೆ ಬಳಿದರೆ ಮೂಗು ಮುಖ ಎಲ್ಲ ತುಂಬಿ ಎಲ್ಲರೂ ಒಬ್ಬರ ಹಂಗೇ ಕಾಣುತ್ತಾರೆ.

*

ಏಣಿ ಉಳಿಯಿತು.

28 ಮಿಲಿಮೀಟರಿನ ಮನುಷ್ಯ ಅಂದರೆ ಅಳತೆ ಸುಮಾರು 1ಕ್ಕೆ 56. ಐದು ಮೀಟರಿನ ಗೋಡೆ ಮೇಜಿನ ಮೇಲೆ ಒಂಬತ್ತು ಸೆಂಟಿಮೀಟರು. ಅದಕ್ಕೆ ಹತ್ತು ಸೆಂಟಿಮೀಟರಿನ ಏಣಿ ಬೇಕು, ಆರು. ಊದಿನಕಡ್ಡಿಯಿಂದ ಮಾಡಿ ನೋಡಿದೆ, ದಪ್ಪ ಆಯಿತು. ಹಲ್ಲುಕಡ್ಡಿ ಗಿಡ್ಡ ಆಯಿತು. ಕಸಬರಿಗೆ ಕಡ್ಡಿ ಬಾಗಿತು. 22ನೇ ತಾರೀಖು ರಾತ್ರಿ ಮೂರು ಏಣಿ ಮುರಿದು, ಸಿಟ್ಟಿಗೆದ್ದು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಪ್ಪ ಅಟ್ಟ ಹತ್ತಿದ್ದ. ಮೊಣಕಾಲು ನೋವಿನವನು ಹೆಂಗ ಹತ್ತಿದನೋ. ಹಳೇ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು ಕೆಳಗಿಳಿಸಿದ. ನನಗೆ ಗೊತ್ತಿತ್ತು ಅದೇನು ಅಂತ. ನಮ್ಮಜ್ಜನ ಹಣಿಗೆ. ಹಾಸಿನ ಎಳೆಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಹಿಡಿದು, ಹೊಕ್ಕಿನ ನೂಲನ್ನು ಬಡಿದು ಕೂಡಿಸುವ ಬಾಚಣಿಗೆಯಂಥ ಸಾಮಾನು. ಆಮೇಲೆ ಎಲ್ಲ ಸ್ಟೀಲಿನದು ಬಂತು. ಇದು ಹಳೇ ಕಾಲದ್ದು, ಬಿದಿರಿನ ಎಳೆಯಂಥ ಸಣ್ಣ ಕಡ್ಡಿಗಳದು. ಮಗ್ಗ ಬಿಚ್ಚಿದಾಗ ಕಟ್ಟಿಗೆಯೆಲ್ಲ ಕೊಟ್ಟು, ಇದೊಂದನ್ನು ಅಪ್ಪ ಎತ್ತಿಟ್ಟಿದ್ದ.

"ಬ್ಯಾಡಪ್ಪಾ" ಅಂದೆ. "ಅಂಗಡ್ಯಾಗ ಏನರ ಸಿಗತೈತಿ."

"ನಿಮ್ಮಜ್ಜ ಇದನ್ನ ಪೂಜಾಕ ಇಟ್ಟಿದ್ನೇನು?" ಅಂದ. ಮೊದಲೇ ಮುರಿದಿದ್ದ ಒಂದು ಕೊನೆಯಿಂದ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದ. ಬೇಕಾದಷ್ಟೇ. ಉಳಿದದ್ದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ.

ಆಮೇಲೆ ಏಣಿ ಕಟ್ಟಿದ್ದು ಅಪ್ಪನೇ. ನಾನು ಅಳತೆ ಗುರುತು ಹಾಕಿಕೊಟ್ಟೆ, ಅಷ್ಟೇ. ನೂಲಿನ ಒಂದು ಎಳೆ, ಎರಡು ಬೆರಳು, ಒಂದು ತಿರುವು. ಗಂಟು ಬಿದ್ದದ್ದು ನನಗೆ ಕಾಣಲಿಲ್ಲ. ಒಂದು ಏಣಿಗೆ ಎಂಟು ಮೆಟ್ಟಿಲು, 16 ಗಂಟು. ಆರು ಏಣಿಗೆ 96. ನಾನು ಲ್ಯಾಪ್‌ಟಾಪಿನಲ್ಲಿ ಮೀಟಿಂಗಿನಲ್ಲಿದ್ದೆ, ಅಪ್ಪ ಮೇಜಿನ ಆ ಕಡೆ ಕೂತಿದ್ದ, ಮೊದಲು ಮಗ್ಗ ಇದ್ದ ಜಾಗದಲ್ಲಿ. ಮೀಟಿಂಗಿನಲ್ಲಿ ಯಾರೋ, "ನಿಮ್ಮ ಹಿಂದೆ ಯಾರು?" ಅಂತ ಕೇಳಿದರು. "ನಮ್ಮಪ್ಪ, ಕೆಲಸ ಮಾಡಾಕತ್ತಾರ" ಅಂದೆ.

ಅಪ್ಪ ತಲೆ ಎತ್ತಲಿಲ್ಲ.

*

26ಕ್ಕೆ ದೋಸ್ತ ಬಂದ. ಮೇಜು ನೋಡಿದ, ಬಗ್ಗಿ ಒಂದು ಏಣಿ ಎತ್ತಿಕೊಂಡ, ತಿರುವಿ ತಿರುವಿ ನೋಡಿದ. ಏನೂ ಹೇಳದೆ ಬ್ಯಾಗು ಕೆಳಗಿಟ್ಟ.

63 ಮಂದಿ ಸಿದ್ಧರಿದ್ದರು. ಪೂರ್ತಿ ಬಣ್ಣ ಆಗಿದ್ದು 30 ಮಂದಿಗೆ, ಉಳಿದವರು ಪ್ರೈಮರಿನ ಬೂದುಬಣ್ಣದಲ್ಲೇ ಯುದ್ಧಕ್ಕೆ ಬಂದರು. ನಾನು ಸುಳ್ಳು ಹೇಳಿ 'ಎಲ್ಲಾ ರೆಡಿ' ಅನ್ನಲಿಲ್ಲ ಈ ಸಲ. ಅವನಿಗೆ ಯಾವಾಗಲೂ ಧೋಂಡಿಯಾನ ಕಡೆಯೇ ಬೇಕು, ಹಾಗಾಗಿ ಕೋಟೆ ಅವನದು, ಏಣಿ ನನ್ನದು. ನಿಯಮ ಸರಳ: ನಾಲ್ಕು ಜನ ಒಂದು ಏಣಿ ಹೊರಬೇಕು, ಇಬ್ಬರು ಬಿದ್ದರೆ ಏಣಿ ನಿಲ್ಲುತ್ತದೆ, ಗೋಡೆ ಹತ್ತಲು ದಾಳದಲ್ಲಿ ಐದು ಇಲ್ಲವೇ ಆರು ಬೀಳಬೇಕು. ಎಂಟು ಸುತ್ತಿಗೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಒಳಗಿಳಿಯದಿದ್ದರೆ ಕೋಟೆ ಗೆದ್ದಂತೆ.

ಎರಡನೇ ಸುತ್ತಿಗೆ ದೋಸ್ತ ಅಂದ: "ಕಾಕಾ, ಬಾಗಲಾ ನೀವ ನೋಡ್ಕೊಳ್ರಿ. ನನ್ನ ಕೈಲೆ ಎರಡೂ ಕಡೆ ಆಗಂಗಿಲ್ಲ." ಅಪ್ಪ ದಾಳ ತಗೊಂಡ. ಬಾಗಿಲ ಮುಂದಿನ ಹತ್ತು ಮಂದಿಯನ್ನು ಬಿಟ್ಟು ಕದಲಲೇ ಇಲ್ಲ. ನನ್ನ ಮೂರು ಏಣಿ ಹಳ್ಳದಲ್ಲೇ ಬಿದ್ದವು. ಏಳನೇ ಸುತ್ತಿನಲ್ಲಿ ಕೆರೆಯ ಕಡೆಯ ಏಣಿಗೆ ಸಾಲಾಗಿ ಮೂರು ಆರು ಬಿದ್ದವು. ಕೋಟೆ ಹೋಯಿತು. ಸೂರ್ಯ ಮುಳುಗಲು ಒಂದೇ ಸುತ್ತು ಬಾಕಿ ಇತ್ತು.

ಅಪ್ಪ ದಾಳ ಕೆಳಗಿಟ್ಟು ಕೇಳಿದ: "ಏಣಿ ಹೊತ್ತವ್ರ ಹೆಸರು ಏನರ ಬರ್ದಾರೇನು ಎಲ್ಲೆರ?"

ಇಬ್ಬರೂ ಸುಮ್ಮನಾದೆವು. ವೆಲ್ಲೆಸ್ಲಿಯ ಹೆಸರು ಇದೆ, ಧೋಂಡಿಯಾನ ಹೆಸರು ಇದೆ. ಏಣಿ ಹೊತ್ತವರದು, ಅದನ್ನು ಕಟ್ಟಿದವರದು, ಎತ್ತು ಹೊಡೆದವರದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಮ್ಮನೆ ಸೀರೆಗಳ ಮೇಲೂ ಕಂಡಿಕೆ ಸುತ್ತಿದವಳ ಹೆಸರು ಇರಲಿಲ್ಲ.

ಊಟ ಮಾಡಿ ಸಂಜೆ ದೋಸ್ತ ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಮುಂದಿನ ಆಟದ ಮಾತೇ. ಅವನಿಗೆ 1858 ಬೇಕಂತೆ. ಮುಂಡರಗಿ ಭೀಮರಾಯನ ಬಂಡಾಯದಲ್ಲೂ ಡಂಬಳ ಬರುತ್ತದೆ. ಆ ವರ್ಷದ ಜೂನ್ 1ರಂದು ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ. ನನಗೆ ಮೊದಲು ಧೋಂಡಿಯಾನ ಕತೆ ಮುಗಿಸಬೇಕು, ಕೋನಗಲ್ ಆಡಬೇಕು. ಅಲ್ಲಿ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಹೊಡೆದ. "ವಿಡಿಯೋ ಕಾಲ್‌ನ್ಯಾಗ ಆಡೋಣು, ದಾಳ ನೀ ಹಾಕು, ನಾ ನಂಬತೀನಿ" ಅಂದ. ಬಸ್ಸು ಬಂತು.

ಮನೆಗೆ ಬಂದು ಏಣಿ ಎತ್ತಿಡಲು ಹೋದರೆ ಆರರಲ್ಲಿ ಐದೇ ಇದ್ದವು. ಹುಡುಕಲಿಲ್ಲ. ಒಂದು ಜರ್ಮನಿಗೆ ಹೋಗುತ್ತದೆ, ಹೋಗಲಿ.

ಕುದುರೆಗಳ ಡಬ್ಬಿ ಕಳೆದ ವಾರ ಬಂತು. ಮೇಜಿನ ಮೇಲಿಟ್ಟು, ಇನ್ನೊಂದು ತಿಂಗಳು ಬಿಟ್ಟು ನೋಡೋಣ ಅಂತ ಆಫೀಸಿನ ಕೆಲಸಕ್ಕೆ ಕೂತೆ. ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಅಪ್ಪ ಇರಲಿಲ್ಲ. ತಿರುಗಿ ನೋಡಿದೆ. ಮೇಜಿನ ಆ ಕಡೆ ಕೂತು ಒಂದು ಕುದುರೆಯ ಬೆನ್ನ ಮೇಲೆ ಉಗುರು ಆಡಿಸುತ್ತಿದ್ದ.

"ಇದಕ್ಕ ಲಗಾಮು ಯಾವ ನೂಲಿಂದು ಹಾಕೋಣು?" ಅಂದ.